ಒತ್ತಕ್ಷರದ ಭಾರ ಯಾರ ಮೇಲೆ?

ಎಲುಬಿಲ್ಲದ ನಾಲಿಗೆ ಹೇಗೆ ಬೇಕಾದರೂ ಹೊರಳುತ್ತದೆ ಎಂದು ಹಿರಿಯರು ಹೇಳುತ್ತಾರೆ. ಆಡಿದ ಮಾತಿಗೆ ತಪ್ಪುವವರನ್ನು, ಚಾಡಿ ಹೇಳುವವರನ್ನು ಕುರಿತು ಹುಟ್ಟಿದ ಮಾತು ಅದು. ಉಚ್ಚಾರದ ವಿಷಯಕ್ಕೆ ಬಂದರೆ ಮಾತ್ರ ನಾಲಿಗೆಯಷ್ಟು ಹಟಮಾರಿ ಅಂಗ ಇನ್ನೊಂದಿಲ್ಲ. ಎಳೆಯ ವಯಸ್ಸಿನಲ್ಲಿ ಕಲಿತ ದಾರಿ ಬಿಟ್ಟು ಅದು ಹೊಸ ದಾರಿ ಹಿಡಿಯುವುದಿಲ್ಲ. ಎರಡು ವ್ಯಂಜನ ಒಟ್ಟಿಗೆ ಬಂದವೋ, ಅಲ್ಲೇ ಎಡವುತ್ತದೆ. ಮೂರು ಬಂದರಂತೂ ಕೂತೇ ಬಿಡುತ್ತದೆ.

ಇದನ್ನೇಕೆ ಹೇಳುತ್ತಿದ್ದೇನೆಂದರೆ, ಹೊಸದಾಗಿ ಭಾಷೆಯನ್ನೇ ಕಟ್ಟಲು ಹೊರಟವರ ಬಗ್ಗೆ ಕೆಲವು ಕಾಲದಿಂದ ಓದುತ್ತಿದ್ದೇನೆ. ಭಾಷೆಯನ್ನೂ ಕಟ್ಟುತ್ತಾರೆಯೇ ಎಂದು ನೀವು ಕೇಳಬಹುದು. ಕಟ್ಟಿದ್ದಾರೆ, ಈಗಲೂ ಕಟ್ಟುತ್ತಿದ್ದಾರೆ. ಅವರಲ್ಲಿ ಬಹಳ ಮಂದಿಯ ಆಸೆ ಒಂದೇ: ಯಾವ ದೇಶದವರಿಗೂ ಸೇರದ, ಹಾಗಾಗಿ ಎಲ್ಲರಿಗೂ ಸೇರುವ ಒಂದು ಮಾತು ಬೇಕು. ಆಸೆ ದೊಡ್ಡದೇ. ಆದರೆ ಕೆಲಸಕ್ಕೆ ಕುಳಿತ ಮೊದಲ ದಿನವೇ ಒಂದು ಸಣ್ಣ ಪ್ರಶ್ನೆ ಎದುರಾಗುತ್ತದೆ. ಒತ್ತಕ್ಷರಗಳನ್ನು ಇಟ್ಟುಕೊಳ್ಳುವುದೋ ಬಿಡುವುದೋ? ಮನೆ ಕಟ್ಟಿಸುವವರು ಮೆಟ್ಟಿಲಿನ ಎತ್ತರ ಎಷ್ಟಿರಬೇಕೆಂದು ಕೇಳಿಕೊಳ್ಳುವ ಹಾಗೆ ಇದು. ಓಡಾಡುವ ಮಕ್ಕಳಿಗೆ ಒಂಬತ್ತಂಗುಲವೂ ಆಟ. ಮಂಡಿನೋವಿನ ಅತ್ತೆಗೆ ಆರಂಗುಲವೂ ಬೆಟ್ಟ. ಮೆಟ್ಟಿಲು ಮೇಸ್ತ್ರಿಯ ಲೆಕ್ಕ ಎಂದು ಮೇಲ್ನೋಟಕ್ಕೆ ತೋರಿದರೂ ಆ ಮನೆಯಲ್ಲಿ ಯಾರನ್ನು ಎಣಿಕೆಗೆ ತೆಗೆದುಕೊಂಡಿದ್ದಾರೆ ಎಂಬುದು ಅದರಲ್ಲೇ ಗೊತ್ತಾಗುತ್ತದೆ.

ನಮ್ಮ ಕನ್ನಡವನ್ನೇ ಮೊದಲು ನೋಡಿ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ, ಅತ್ತೆ, ಚಿಕ್ಕಪ್ಪ – ನಂಟಸ್ತಿಕೆಯ ಪದಗಳಲ್ಲಿ ಒತ್ತಿಗೆ ಬರವಿಲ್ಲ. ಆದರೆ ಎಲ್ಲವೂ ಸಜಾತೀಯ ಒತ್ತು, ತನ್ನ ಕೆಳಗೆ ತಾನೇ ಕುಳಿತದ್ದು. ಅವು ನಾಲಿಗೆಗೆ ಭಾರವಲ್ಲ. ಅಚ್ಚಗನ್ನಡದ ಪದ ಯಾವುದೂ ಒತ್ತಕ್ಷರದಿಂದ ಶುರುವಾಗುವುದಿಲ್ಲ ಎಂಬುದನ್ನು ಗಮನಿಸಿದ್ದೀರಾ? ಶ್ರೀ, ಸ್ತ್ರೀ, ಪ್ರಾಣ, ಸ್ನೇಹ, ಸ್ವರ್ಗ ಎಲ್ಲ ಸಂಸ್ಕೃತದಿಂದ ಬಂದ ನೆಂಟರು. ಬಂದವರನ್ನು ಕನ್ನಡದ ನಾಲಿಗೆ ಬಾಗಿಲಲ್ಲಿ ನಿಲ್ಲಿಸಲಿಲ್ಲ, ಬಂದ ಹಾಗೆಯೇ ಒಳಗೂ ಬಿಡಲಿಲ್ಲ. ಕೆಲವರ ನಡುವೆ ಒಂದು ಸ್ವರ ಇಟ್ಟು ಬಿಡಿಸಿತು: ವರ್ಷ ವರುಷವಾಯಿತು, ಮೂರ್ತಿ ಮೂರುತಿಯಾಯಿತು, ಶ್ರೀ ಸಿರಿಯಾಯಿತು. ಕೆಲವರ ಮುಂದಿನ ವ್ಯಂಜನವನ್ನೇ ಕಳಚಿತು: ಸ್ನೇಹ ನೇಹವಾಯಿತು. ಇನ್ನು ಕೆಲವರ ಜಗಳವನ್ನು ಒಂದೇ ಜಾತಿ ಮಾಡಿ ತೀರಿಸಿತು: ಸ್ವರ್ಗ ಸಗ್ಗವಾಯಿತು, ಬ್ರಹ್ಮನಂಥ ಬ್ರಹ್ಮನೇ ಬೊಮ್ಮನಾದ. ಇಂಗ್ಲಿಷಿನ ಸ್ಕೂಲು ಬಂದಾಗ ಹಳ್ಳಿಯ ಮಕ್ಕಳು ಮುಂದೊಂದು 'ಇ' ಹಚ್ಚಿ ಇಸ್ಕೂಲು ಮಾಡಿಕೊಂಡರು.

ಇಸ್ಕೂಲು ಎಂದವರನ್ನು ಕಂಡು ನಗುವುದು ನಮ್ಮಲ್ಲಿ ರೂಢಿ. ಆದರೆ ಲ್ಯಾಟಿನ್ನಿನ 'ಸ್ಕೋಲ' ಸ್ಪೇನ್ ದೇಶದವರ ಬಾಯಲ್ಲಿ ಏನಾಯಿತು ಗೊತ್ತೆ? 'ಎಸ್ಕ್ವೇಲ'. ಅಲ್ಲಿ ಅದು ಶುದ್ಧ ಸ್ಪ್ಯಾನಿಷ್, ವ್ಯಾಕರಣ ಪುಸ್ತಕದಲ್ಲೇ ಇದೆ. ಸ್ಪೇನಿನ ಜನ ಮಾಡಿದ್ದನ್ನೇ ನಮ್ಮೂರಿನ ಪೋರ ಮಾಡಿದರೆ ಅವನು ದಡ್ಡ! ಇಬ್ಬರ ನಾಲಿಗೆಯೂ ಕಂಡುಕೊಂಡ ಉಪಾಯ ಒಂದೇ. 'ಸ್ಕೂ' ಎಂದಾಗ 'ಸ್' ಅನ್ನುವುದಕ್ಕೆ ಕೂರಲು ಜಾಗವಿಲ್ಲ. ಮುಂದೊಂದು ಸ್ವರ ಬಂದರೆ 'ಇಸ್' ಎಂದು ಅದರ ಮಡಿಲಲ್ಲಿ ಕೂರುತ್ತದೆ, ಆಮೇಲೆ 'ಕೂಲು' ನಿರಾಳ. ನೀವೇ ಹೇಳಿ ನೋಡಿ. 'ಶಾಸ್ತ್ರ' ಎನ್ನುವುದು ಸುಲಭ, 'ಸ್ತ್ರೀ' ಎನ್ನುವುದು ಕಷ್ಟ. ಎರಡರಲ್ಲೂ ಇರುವುದು ಅದೇ ಮೂರು ವ್ಯಂಜನ. ಆದರೆ ಶಾಸ್ತ್ರವನ್ನು ನಾಲಿಗೆ 'ಶಾಸ್' ಮತ್ತು 'ತ್ರ' ಎಂದು ಎರಡು ತುಂಡು ಮಾಡಿಕೊಳ್ಳುತ್ತದೆ. ಸ್ತ್ರೀಗೆ ಹಿಂದೆ ಆತುಕೊಳ್ಳಲು ಯಾರೂ ಇಲ್ಲ!

ಸಹಜವಾದ ಭಾಷೆ ಈ ಕೆಲಸವನ್ನು ಯಾರನ್ನೂ ಕೇಳದೆ, ನೂರಾರು ವರ್ಷ ತೆಗೆದುಕೊಂಡು ಮಾಡುತ್ತದೆ. ಹಳಗನ್ನಡದ 'ಎರ್ಮೆ' ನಮ್ಮ ಎಮ್ಮೆಯಾದದ್ದು, 'ಕರ್ಬು' ಕಬ್ಬಾದದ್ದು, 'ಪೆರ್ಮೆ' ಹೆಮ್ಮೆಯಾದದ್ದು ಯಾವ ಸಭೆಯ ತೀರ್ಮಾನದಿಂದಲೂ ಅಲ್ಲ. ಹಾಲು ಕರೆಯುವವರು, ಕಬ್ಬು ಕಡಿಯುವವರು ಆಡುತ್ತಾ ಆಡುತ್ತಾ ಸವೆಸಿದರು. ಹೊಸ ಭಾಷೆ ಕಟ್ಟುವವನಿಗೆ ಆ ಸಾವಿರ ವರ್ಷದ ಸವಕಳಿ ಇಲ್ಲ. ಒಬ್ಬನೇ ಕುಳಿತು, ತಾನು ಕಂಡೇ ಇರದ ಜನರ ನಾಲಿಗೆಯ ಪರವಾಗಿ ತೀರ್ಮಾನಿಸಬೇಕು.

ಜರ್ಮನಿಯ ಯೋಹಾನ್ ಮಾರ್ಟಿನ್ ಶ್ಲೈಯರ್ ಎಂಬ ಕ್ಯಾಥೊಲಿಕ್ ಪಾದ್ರಿ ಹೀಗೆ ಕುಳಿತವರಲ್ಲಿ ಒಬ್ಬ. 1879ರ ಒಂದು ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ ದೇವರ ಪ್ರೇರಣೆಯಾಯಿತೆಂದು ನಂಬಿ 'ವೋಲಾಪ್ಯೂಕ್' ಎಂಬ ಭಾಷೆಯನ್ನು ಕಟ್ಟಿದ. ಪರರ ಕಷ್ಟ ನೆನೆದ ಮನುಷ್ಯ. ಚೀನಿಯರಿಗೆ 'ರ' ಕಷ್ಟವೆಂದು ಎಣಿಸಿ ಅದನ್ನು ಆದಷ್ಟೂ ದೂರ ಇಟ್ಟ. ಒತ್ತುಗಳನ್ನು ಕತ್ತರಿಸಿ ಪದಗಳನ್ನು ಚಿಕ್ಕದು ಮಾಡಿದ. ಇಂಗ್ಲಿಷಿನ 'ವರ್ಲ್ಡ್' ಹೀಗೆ 'ವೋಲ್' ಆಯಿತು, 'ಸ್ಪೀಚ್' 'ಪ್ಯೂಕ್' ಆಯಿತು. ಎರಡೂ ಸೇರಿ ವೋಲಾಪ್ಯೂಕ್, ಅಂದರೆ ಲೋಕದ ಮಾತು. ಜರ್ಮನಿನ 'ಬೆರ್ಗ್' ಎಂಬ ಬೆಟ್ಟ 'ಬೆಲ್' ಆಯಿತು. ರೋಸ್ ಎಂಬ ಗುಲಾಬಿ 'ಲೋಲ್' ಆಯಿತು. ಅಮೆರಿಕವೆಂಬ ಖಂಡವೇ 'ಮೆಲೋಪ್' ಎಂದಾಯಿತು. ಕಷ್ಟ ಹೋಯಿತು ಸರಿ, ಜೊತೆಗೆ ಗುರುತೂ ಹೋಯಿತು. ಗುಲಾಬಿ ಬಲ್ಲವರೂ ಲೋಲ್ ಅನ್ನು ಹೊಸದಾಗಿ ಬಾಯಿಪಾಠ ಮಾಡಬೇಕಾಯಿತು. ಇಷ್ಟೆಲ್ಲ ಮಾಡಿದವನು ತನ್ನ ಜರ್ಮನ್ ನಾಲಿಗೆಗೆ ಸಲೀಸಾದ, ಬೇರೆಯವರ ತುಟಿಗೆ ಒಗ್ಗದ 'ಯೂ' ಧ್ವನಿಯನ್ನು ಭಾಷೆಯ ಹೆಸರಿನಲ್ಲೇ ಉಳಿಸಿಕೊಂಡ ನೋಡಿ. ಪರರ ಕಷ್ಟವನ್ನು ನಾವು ಊಹಿಸುವಾಗ ನಮಗೆ ಕಷ್ಟವಲ್ಲದ್ದು ಕಣ್ಣಿಗೇ ಬೀಳುವುದಿಲ್ಲ. ವೋಲಾಪ್ಯೂಕ್ ಕೆಲವು ವರ್ಷ ಯುರೋಪಿನಲ್ಲಿ ಬಹಳ ಓಡಿತು, 1889ರಲ್ಲಿ ಪ್ಯಾರಿಸ್ಸಿನಲ್ಲಿ ಸಮ್ಮೇಳನವೂ ನಡೆಯಿತು. ಆಮೇಲೆ ಒಳಜಗಳದಲ್ಲಿ ಸೊರಗಿತು. 1931ರಲ್ಲಿ ಅದನ್ನು ತಿದ್ದಿ ಮತ್ತೆ ಹೊರಡಿಸಿದ ಅರೀ ದ ಯೊಂಗ್ ಎಂಬವರು ಕೈಬಿಟ್ಟಿದ್ದ 'ರ'ವನ್ನು ಎಷ್ಟೋ ಪದಗಳಿಗೆ ವಾಪಸು ತಂದರು.

ಎರಡನೆಯವನು ಲುಡ್ವಿಕ್ ಜಾಮೆನ್‌ಹೋಫ್, 1859ರಲ್ಲಿ ಬಿಯಾಲಿಸ್ತೋಕ್ ಎಂಬ ಊರಿನಲ್ಲಿ ಹುಟ್ಟಿದವನು. ಊರು ಆಗ ರಷ್ಯಾ ಸಾಮ್ರಾಜ್ಯದಲ್ಲಿತ್ತು, ಈಗ ಪೋಲೆಂಡಿನಲ್ಲಿದೆ. ಯೆಹೂದ್ಯರು, ಪೋಲರು, ರಷ್ಯನ್ನರು, ಜರ್ಮನರು ಒಂದೇ ಬೀದಿಯಲ್ಲಿದ್ದು ಒಬ್ಬರನ್ನೊಬ್ಬರು ನಂಬದ ಊರು. ಮಾತು ಒಂದಾದರೆ ಮನಸ್ಸು ಒಂದಾದೀತೆಂದು ಆ ಯೆಹೂದಿ ಹುಡುಗ ಕನಸು ಕಂಡ. ಮುಂದೆ ಕಣ್ಣಿನ ವೈದ್ಯನಾದ. 1887ರಲ್ಲಿ ಅವನ ಪುಸ್ತಕ ವಾರ್ಸಾದಲ್ಲಿ ಅಚ್ಚಾಯಿತು. ಅಚ್ಚಿನ ಖರ್ಚಿಗೆ ಆಸರೆಯಾದದ್ದು ಅವನ ಕೈಹಿಡಿದ ಕ್ಲಾರಾಳ ತಂದೆಯ ಹಣ. ಲೋಕಕ್ಕೆಲ್ಲ ಒಂದು ಮಾತು ಬರಲು ಮಾವನ ಮನೆಯ ಗಂಟು ಬಿಚ್ಚಬೇಕಾಯಿತು ಎಂದು ಓದಿದಾಗ ನನಗೆ ನಗು ಬಂತು. 'ಆಶಾವಾದಿ ಡಾಕ್ಟರ್' ಎಂಬರ್ಥದ ಗುಪ್ತನಾಮದಲ್ಲಿ ಬರೆದದ್ದರಿಂದ ಭಾಷೆಗೆ ಎಸ್ಪೆರಾಂತೊ ಎಂದೇ ಹೆಸರಾಯಿತು.

ಜಾಮೆನ್‌ಹೋಫ್ ಶ್ಲೈಯರ್‌ನ ದಾರಿ ಹಿಡಿಯಲಿಲ್ಲ. ಪದಗಳ ಗುರುತು ಉಳಿಯಲಿ, ನಾಲಿಗೆಗೆ ಸ್ವಲ್ಪ ಕಷ್ಟವಾದರೂ ಆಗಲಿ ಎಂದ. ಹಾಗಾಗಿ ಎಸ್ಪೆರಾಂತೊದಲ್ಲಿ ಒತ್ತಕ್ಷರ ಧಾರಾಳ. ಹುಡುಗ ಎಂದರೆ 'ಕ್ನಾಬೊ', ಕಾಲುಚೀಲ 'ಶ್ತ್ರುಂಪೊ'. ಎಲ್ಲಕ್ಕಿಂತ ಕುಖ್ಯಾತವಾದದ್ದು 'ತಿಳಿ' ಎಂಬ ಕ್ರಿಯಾಪದ: 'ಸ್ತ್ಸಿಇ'. ಜಗತ್ತಿಗೆಲ್ಲ ಸುಲಭವಾಗಲೆಂದು ಮಾಡಿದ ಭಾಷೆಯಲ್ಲಿ 'ನನಗೆ ತಿಳಿದಿದೆ' ಎನ್ನುವುದೇ ನಾಲಿಗೆಗೆ ಗಂಟು! ಅವನಿಗೆ ಇದು ಗಂಟೆನಿಸದಿದ್ದುದಕ್ಕೂ ಕಾರಣವಿದೆ. ಅವನು ಬೆಳೆದ ಊರಿನಲ್ಲಿ ಒಂದು ಬಗೆಯ ಮೀನಿಗೆ 'ಪ್ಸ್ತ್ರೊಂಗ್' ಎನ್ನುತ್ತಿದ್ದರು, ರಷ್ಯನ್ನರು ನಮಸ್ಕಾರಕ್ಕೆ 'ಜ್ದ್ರಾಸ್ತ್ವುಯ್ತೆ' ಎನ್ನುತ್ತಿದ್ದರು. ಆ ಕಿವಿಗೆ 'ಸ್ತ್ಸಿಇ' ಯಾವ ಲೆಕ್ಕ? ಕಲಿಯುವವರು ಮಾತ್ರ ತಾವೇ ಒಂದು ಉಪಾಯ ಕಂಡುಕೊಂಡಿದ್ದಾರೆ. 'ಮಿ ಸ್ತ್ಸೀಯಸ್' ಎನ್ನುವುದನ್ನು 'ಮಿಸ್ ತ್ಸೀಯಸ್' ಎಂದು ಒಡೆದು ಹೇಳುತ್ತಾರೆ. ನಮ್ಮ ಇಸ್ಕೂಲಿನ ಪೋರನ ಉಪಾಯವೇ!

ಮೂರನೆಯದು ತೀರ ಈಚಿನದು. ಕೆನಡಾದ ಸೋನ್ಯಾ ಲ್ಯಾಂಗ್ ಎಂಬ ಮಹಿಳೆ 2001ರಲ್ಲಿ ಹೊರತಂದ 'ತೋಕಿ ಪೋನ'. ಸುಮಾರು 120 ಪದ, ಹದಿನಾಲ್ಕೇ ಧ್ವನಿ. ಪದದ ಮೊದಲಲ್ಲಿ ಒತ್ತಕ್ಷರ ಒಂದೂ ಇಲ್ಲ. ಇದು ಎಲ್ಲರಿಗೂ ಸಮಾನ ನ್ಯಾಯ. ಆದರೆ ಅದರ ಬೆಲೆಯನ್ನೂ ಎಲ್ಲರೂ ಸಮಾನವಾಗಿ ತೆರಬೇಕು. ಅದರಲ್ಲಿ ಫ್ರಾನ್ಸ್ 'ಕಾನ್ಸೆ' ಆಗುತ್ತದೆ, ರಷ್ಯಾ 'ಲೋಸಿ' ಆಗುತ್ತದೆ. ನಮ್ಮ ಭಾರತ 'ಪಲಾತ'. ಪಲಾತ ಎಂದು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿದೆ. ಯಾರೋ ದೂರದವಳು ಮುದ್ದಿನಿಂದ ಕರೆದ ಹಾಗೂ ಕೇಳಿಸಿತು, ನನ್ನದನ್ನು ಯಾರೋ ಕಿತ್ತುಕೊಂಡ ಹಾಗೂ ಕೇಳಿಸಿತು.

ಈ ಎರಡು ಭಾವನೆಗಳ ನಡುವಿನ ವ್ಯತ್ಯಾಸ ನನಗೆ ಚಿಕ್ಕಂದಿನಲ್ಲೇ ಪರಿಚಿತ. ನನ್ನ ಚಿಕ್ಕಮ್ಮನ ಹೆಸರಿನ ಮೊದಲಕ್ಷರ 'ಪ್ರ'. ಪೂರ್ತಿ ಹೆಸರು ಇಲ್ಲಿ ಬರೆದರೆ ಅವಳಿಗೆ ಹಿಡಿಸದು, ಅಷ್ಟು ಸಾಕು. ಅವಳು ಮದುವೆಯಾಗಿ ಹೋದ ಮನೆಯಲ್ಲಿ ಅತ್ತೆಯವರು 'ಈ ಹೆಸರು ಬಾಯಿಗೆ ಬರೋಲ್ಲಮ್ಮ, ನಮಗೆ ಕಷ್ಟ' ಎಂದು ಅಕ್ಕಿಯ ಮೇಲೆ ಬೇರೆ ಹೆಸರು ಬರೆಸಿದರು. ಎರಡಕ್ಷರದ ಸಲೀಸಾದ ಹೆಸರು. ಅದೇ ಅತ್ತೆಯವರು ದಿನಾ ಬೆಳಿಗ್ಗೆ ಸ್ನಾನ ಮಾಡಿ ದೇವರ ಮುಂದೆ ಕುಳಿತು ವಿಷ್ಣುಸಹಸ್ರನಾಮವನ್ನು ಒಂದೊತ್ತೂ ಬೀಳದಂತೆ ಹೇಳುತ್ತಿದ್ದರು! ಸಾವಿರ ನಾಮಕ್ಕೆ ಹೊರಳಿದ ನಾಲಿಗೆ ಸೊಸೆಯ ಒಂದು ನಾಮಕ್ಕೆ ಹೊರಳಲಿಲ್ಲ. ಆ ಮನೆಗೆ ಪಾತ್ರೆ ತೊಳೆಯಲು ಬರುತ್ತಿದ್ದ ಹೆಂಗಸಿಗೆ ಹೇಗೋ ಹಳೆಯ ಹೆಸರು ಗೊತ್ತಾಯಿತು. ಅವಳಿಗೆ 'ಪ್ರ' ನಿಜವಾಗಿಯೂ ಬರುತ್ತಿರಲಿಲ್ಲ. 'ಪರ' ಎಂದು ಬಿಡಿಸಿ, ಉಳಿದದ್ದನ್ನು ತನಗೆ ತೋಚಿದ ಹಾಗೆ ಸೇರಿಸಿ, ಕೊನೆಗೊಂದು 'ಅವ್ವ' ಹಚ್ಚಿ ಕರೆಯುತ್ತಿದ್ದಳು. ಆ ಮನೆಯಲ್ಲಿ ತನ್ನ ಹೆಸರು ತನಗೆ ಕೇಳಿಸುತ್ತಿದ್ದುದು ಅವಳ ಬಾಯಲ್ಲಿ ಮಾತ್ರ ಎಂದು ಚಿಕ್ಕಮ್ಮ ಈಗಲೂ ಹೇಳುತ್ತಾಳೆ.

ನಾಲಿಗೆಗೆ ಬಾರದ್ದು ಬೇರೆ, ಮನಸ್ಸಿಗೆ ಬೇಡವಾದದ್ದು ಬೇರೆ. ಭಾರತವನ್ನು ಪಲಾತ ಮಾಡಿದ್ದು ಈ ಎರಡರಲ್ಲಿ ಯಾವುದು ಎಂದು ಕೇಳಿಕೊಂಡರೆ, ಮೊದಲನೆಯದೇ ಎನ್ನಬೇಕು. ತನಗೆ ಬರುವ ಹಾಗೆ ತಿದ್ದಿಕೊಂಡಾದರೂ ನನ್ನದನ್ನು ಕರೆಯುವವಳಲ್ಲಿ ಅವಮಾನದ ಉದ್ದೇಶವಿಲ್ಲ.

ಉಚ್ಚಾರ ಜೀವಕ್ಕೇ ಎರವಾದ ಕಥೆಯೂ ಇದೆ. ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ, ಯುದ್ಧದಲ್ಲಿ ಸೋತು ಓಡುತ್ತಿದ್ದ ಎಫ್ರಾಯೀಮ್ ಕುಲದವರನ್ನು ಜೋರ್ಡನ್ ನದಿಯ ದಾಟಿನಲ್ಲಿ ತಡೆದು 'ಶಿಬ್ಬೋಲೆತ್' ಎನ್ನು ನೋಡೋಣ ಎಂದರಂತೆ. ತೆನೆ ಎಂದು ಅದರ ಅರ್ಥ. ಅವರಿಗೆ 'ಶ' ಬರುತ್ತಿರಲಿಲ್ಲ, 'ಸಿಬ್ಬೋಲೆತ್' ಎಂದರು. ಹಾಗೆಂದವರನ್ನೆಲ್ಲ ಅಲ್ಲೇ ಕೊಂದರು. ಹೀಗೆ ಸತ್ತವರು 42,000 ಮಂದಿ ಎಂದು ಆ ಗ್ರಂಥ ಹೇಳುತ್ತದೆ. ಶಕಾರ ಸಕಾರದ ವ್ಯತ್ಯಾಸಕ್ಕೆ ನಮ್ಮಲ್ಲಿ ಕತ್ತಿ ಎತ್ತುವುದಿಲ್ಲ, ನಗುತ್ತೇವೆ ಅಷ್ಟೆ. ಆದರೆ ತರಗತಿಯಲ್ಲಿ ಎದ್ದು ನಿಂತು 'ಪ್ರಸ್ನೆ' ಎಂದ ಹುಡುಗಿ ಆ ನಗು ಕೇಳಿದ ಮೇಲೆ ಮತ್ತೆ ಪ್ರಶ್ನೆ ಕೇಳುವುದಿಲ್ಲ. ನದಿಯ ದಾಟಿನಲ್ಲಿ ನಿಂತ ಕಾವಲುಗಾರರ ಕೆಲಸವನ್ನು ಆ ನಗುವೂ ಒಂದಿಷ್ಟು ಮಾಡುತ್ತದೆ.

ಹಾಗಾದರೆ ಕಷ್ಟದ ಒತ್ತುಗಳನ್ನೆಲ್ಲ ಕಿತ್ತೊಗೆಯುವುದೇ ದಯೆಯೇ? ಹಾಗೆಂದು ನಾನು ನಿರ್ಧರಿಸುವಷ್ಟರಲ್ಲಿ ಹಸೆಗಾವಾ ತೆರು ಎಂಬ ಜಪಾನಿ ಹೆಣ್ಣುಮಗಳ ಜೀವನ ಓದಿದೆ. ಜಪಾನಿ ಭಾಷೆಯಲ್ಲಿ ವ್ಯಂಜನಕ್ಕೆ ಸಾಮಾನ್ಯವಾಗಿ ಒಂದೊಂದು ಸ್ವರ ಅಂಟಿಕೊಂಡೇ ಇರಬೇಕು. ಅವರ ಬಾಯಲ್ಲಿ ಕ್ರಿಸ್ಮಸ್ 'ಕುರಿಸುಮಾಸು'. ಎಸ್ಪೆರಾಂತೊ ಕಟ್ಟುವಾಗ ಜಾಮೆನ್‌ಹೋಫ್ ಗಣನೆಗೆ ತೆಗೆದುಕೊಳ್ಳದ ನಾಲಿಗೆ ಇದು. 1912ರಲ್ಲಿ ಹುಟ್ಟಿದ ತೆರು ವಿದ್ಯಾರ್ಥಿದೆಸೆಯಲ್ಲೇ ಆ ಭಾಷೆ ಕಲಿತಳು. ಅದೇ ಭಾಷೆಯ ಗೆಳೆತನದಲ್ಲಿ ಚೀನಾದ ಲಿಯು ರೆನ್ ಎಂಬವನನ್ನು ಮದುವೆಯಾದಳು. 1937ರಲ್ಲಿ ಚೀನಾಕ್ಕೆ ಹೋದಳು, ಜಪಾನು ಚೀನಾದ ಮೇಲೆ ಯುದ್ಧ ಹೂಡಿದ ವರ್ಷವೇ. ಮರುವರ್ಷ ಚೀನಾದ ರೇಡಿಯೊದಲ್ಲಿ ಕುಳಿತು ತನ್ನ ದೇಶದ ಸೈನಿಕರಿಗೆ ಅವರದೇ ಭಾಷೆಯಲ್ಲಿ ಈ ಯುದ್ಧ ಬೇಡವೆಂದು ಹೇಳಿದಳು. ಟೋಕಿಯೋದ ಪತ್ರಿಕೆ ಅವಳನ್ನು ದೇಶದ್ರೋಹಿ ಎಂದಿತು. 1947ರಲ್ಲಿ, ಮೂವತ್ತೈದು ತುಂಬುವ ಮೊದಲೇ, ಅವಳು ಚೀನಾದಲ್ಲೇ ತೀರಿಕೊಂಡಳು.

1941ರಲ್ಲಿ ಅವಳು ಪ್ರಕಟಿಸಿದ ಎಸ್ಪೆರಾಂತೊ ಪುಸ್ತಕದ ಹೆಸರು 'ಫ್ಲುಸ್ತ್ರ್ ಎಲ್ ಉರಗಾನೊ', ಬಿರುಗಾಳಿಯೊಳಗಿಂದ ಒಂದು ಪಿಸುಮಾತು ಎಂದರ್ಥ. ಪಿಸುಮಾತಿಗೆ ಪೂರ್ಣ ಪದ 'ಫ್ಲುಸ್ತ್ರೊ'. ಕವಿಗಳು ಬೇಕಾದರೆ ಕೊನೆಯ 'ಒ' ಬಿಡಬಹುದೆಂದು ಆ ಭಾಷೆಯಲ್ಲಿ ಅನುಮತಿ ಇದೆ. ತೆರು ಆ ಅನುಮತಿ ತೆಗೆದುಕೊಂಡಳು. ಹುಟ್ಟಿದ ನಾಲಿಗೆಗೆ 'ಫುರುಸುತೊರೊ' ಎಂದಷ್ಟೇ ಬರಬಹುದಾದ ಪದ. ಅದರಲ್ಲಿ ಸಿಕ್ಕುವ ಒಂದು ಸ್ವರದ ಆಸರೆಯನ್ನೂ ತಾನಾಗಿ ಬಿಟ್ಟುಕೊಟ್ಟಳು! 'ನಿನಗೆ ಕಷ್ಟವಾದೀತು' ಎಂದು ಮೊದಲೇ ಯಾರೋ ಆ ಪದವನ್ನು ಸವರಿ ಮೆತ್ತಗೆ ಮಾಡಿಟ್ಟಿದ್ದರೆ ಅದನ್ನು ಅವಳು ಉಪಕಾರವೆನ್ನುತ್ತಿದ್ದಳೇ? ನನಗೆ ಸಂದೇಹ. 'ನಿನ್ನ ಕೈಲಾಗದು ಬಿಡಮ್ಮ' ಎನ್ನುವ ಕರುಣೆಯನ್ನು ಸೈಕಲ್ಲಿನಿಂದ ಬ್ಯಾಂಕಿನ ಪರೀಕ್ಷೆಯವರೆಗೆ ಕೇಳಿಕೊಂಡೇ ಬೆಳೆದ ನಾವು ಇದನ್ನು ಸುಲಭವಾಗಿ ಅರ್ಥಮಾಡಿಕೊಳ್ಳಬಹುದು. ಕಷ್ಟವನ್ನು ನಾನಾಗಿ ಎತ್ತಿಕೊಂಡರೆ ಅದು ನನ್ನ ಬಲ. ಇನ್ನೊಬ್ಬರು ಅದನ್ನು ಬಾಗಿಲಿಗೆ ಅಡ್ಡ ಇಟ್ಟರೆ ಅವಮಾನ. ಅದನ್ನು ನನ್ನ ಕಣ್ಣಿಗೇ ಬೀಳದಂತೆ ಬಚ್ಚಿಟ್ಟರೆ ಅದೂ ಒಂದು ಬಗೆಯ ಅವಮಾನವೇ.

ಈ ಇಕ್ಕಟ್ಟಿಗೆ ಎರಡು ಕಡೆ ಒಂದೇ ಬಗೆಯ ಉತ್ತರ ಕಂಡೆ. ಒಂದು, 1987ರಲ್ಲಿ ಅಮೆರಿಕದಲ್ಲಿ ಶುರುವಾದ 'ಲೋಜ್‌ಬಾನ್' ಎಂಬ ಕಟ್ಟಿದ ಭಾಷೆ. ಅದರ ಮೂಲಪದ ಪ್ರತಿಯೊಂದರಲ್ಲೂ ಜೋಡಿ ವ್ಯಂಜನ ಇರಲೇಬೇಕು. ಹೋಗು ಎಂದರೆ 'ಕ್ಲಾಮ', ಬೆಕ್ಕು ಎಂದರೆ 'ಮ್ಲಾತು'. ಇಂಥದು ಮೂಲಪದ ಎಂದು ಕಿವಿ ಹಿಡಿಯಲು ಆ ಜೋಡಿಯೂ ಒಂದು ಗುರುತು, ಅದನ್ನು ತೆಗೆಯುವ ಹಾಗಿಲ್ಲ. ಆದರೆ ಅದರ ವ್ಯಾಕರಣದಲ್ಲೇ ಒಂದು ಅನುಮತಿ ಇದೆ. ಜೋಡಿ ವ್ಯಂಜನ ಬಾರದವರು ನಡುವೆ ಒಂದು ಹ್ರಸ್ವ ಸ್ವರವನ್ನು ಇಟ್ಟುಕೊಳ್ಳಬಹುದು. ಆ ಸ್ವರ ಲೆಕ್ಕಕ್ಕಿಲ್ಲ. ಕೇಳುವವರು ಅದನ್ನು ಕೇಳಿಯೂ ಕೇಳದಂತೆ ಅರ್ಥ ಹಿಡಿಯಬೇಕು.

ಇನ್ನೊಂದು ನಮ್ಮದೇ ಮನೆಯದು. ಹೀಗೆ ನಡುವೆ ನುಸುಳುವ ಸ್ವರದ ತುಣುಕಿಗೆ ನಮ್ಮ ಹಳೆಯ ಉಚ್ಚಾರಶಾಸ್ತ್ರಗಳು 'ಸ್ವರಭಕ್ತಿ' ಎಂದವು. ಭಕ್ತಿ ಎಂದರೆ ಇಲ್ಲಿ ಭಾಗ ಎಂದರ್ಥ, ಆದರೂ ಹೆಸರು ಎಷ್ಟು ಚೆನ್ನಾಗಿದೆ! ಹಳಗನ್ನಡದಲ್ಲಿ 'ಶಿಥಿಲದ್ವಿತ್ವ' ಎಂಬ ಇನ್ನೊಂದು ಮಾತಿದೆ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಅದನ್ನು ವಿವರಿಸಿದ್ದಾನೆ. ಒತ್ತಕ್ಷರವಿದ್ದರೂ ಒತ್ತದೆ ತೇಲಿಸಿ ಹೇಳುವ ಪದಗಳಿವು. 'ಎರ್ದೆ' ಅಂಥದೊಂದು. ಸಾಮಾನ್ಯವಾಗಿ ಒತ್ತಕ್ಷರದ ಹಿಂದಿನ ಅಕ್ಷರ ಛಂದಸ್ಸಿನಲ್ಲಿ ಗುರುವಾಗಬೇಕು. ಇಲ್ಲಿ ಲಘುವಾಗಿಯೇ ಉಳಿಯಬಹುದು. ಬರೆಯುವಾಗ ಒತ್ತು ಇತ್ತು, ಆಡುವಾಗ ಸಡಿಲವಿತ್ತು. ವ್ಯಾಕರಣಕಾರ ಅದನ್ನು ತಪ್ಪೆನ್ನದೆ ಹೆಸರಿಟ್ಟು ಪುಸ್ತಕಕ್ಕೆ ಸೇರಿಸಿಕೊಂಡ. ಆ ಸಡಿಲದಲ್ಲೇ 'ಎರ್ದೆ' ನಮ್ಮ ಎದೆಯಾಯಿತು, 'ಬರ್ದುಂಕು' ನಮ್ಮ ಬದುಕಾಯಿತು.

ಒತ್ತಕ್ಷರ ಇಡಬೇಕೋ ತೆಗೆಯಬೇಕೋ ಎಂದು ಕೇಳುವಾಗ ಭಾರವೆಲ್ಲ ಆಡುವವರ ನಾಲಿಗೆಯದು ಎಂದೇ ನಾವು ಹಿಡಿದಿರುತ್ತೇವೆ. ಮಾತಿಗೆ ಇನ್ನೊಂದು ತುದಿಯಿದೆ, ಕೇಳುವವರ ಕಿವಿ. ಅಡಿಕೆಯ ಮೂಟೆಯನ್ನು ಇಬ್ಬರು ಹಿಡಿದು ಎತ್ತುವ ಹಾಗೆ, ಕಷ್ಟದ ಪದದ ಭಾರವನ್ನೂ ಇಬ್ಬರು ಎತ್ತಬಹುದು. ಆಡುವವಳು ತನ್ನಿಂದಾದಷ್ಟು ಹತ್ತಿರ ಬರಲಿ, ಉಳಿದ ದೂರವನ್ನು ಕೇಳುವವಳು ನಡೆಯಲಿ. ಭಾಷೆ ಕಟ್ಟುವವರು ಇದನ್ನು ನಿಯಮ ಮಾಡಿ ಬರೆದಿಟ್ಟಿದ್ದಾರೆ, ಏಕೆಂದರೆ ಅವರ ಭಾಷೆಗೆ ಅಜ್ಜಿಯರಿಲ್ಲ, ಕೇರಿಯಿಲ್ಲ, ಬರೆಯದಿದ್ದರೆ ಹೇಳಿಕೊಡುವವರಿಲ್ಲ. ಹುಟ್ಟಿನಿಂದಲೇ ಭಾಷೆ ಪಡೆದ ನಮಗೆ ಆ ನಿಯಮವನ್ನು ಯಾವ ವ್ಯಾಕರಣದ ಮೇಷ್ಟರೂ ಕಡ್ಡಾಯ ಮಾಡಿಲ್ಲ. ಬ್ಯಾಂಕಿನ ಸಾಲಿನಲ್ಲಿ, ಮಹಿಳಾ ಸಮಾಜದ ವೇದಿಕೆಯ ಮುಂದೆ, ಮಗಳ ತರಗತಿಯ ಬಾಗಿಲಲ್ಲಿ ಯಾರೋ ಒಬ್ಬರ ನಾಲಿಗೆ ಒಂದು ಒತ್ತಿನ ಮೇಲೆ ಎಡವಿ ಅರೆಕ್ಷಣ ನಿಂತಾಗ, ಆ ಅರೆಕ್ಷಣ ಕಾಯುವುದು ಕೇಳುವವರಿಗೇ ಬಿಟ್ಟದ್ದು.